ಮಿಸಾಕನ ಅಕ್ಕ

ಮಗಳು ತೀರಿಕೊಂಡ ಅಪ್ಪ ಮಿಸಾಕನ ಕೋಟಿನ ಕೊನೆಯ ಗುಂಡಿ ಹಾಕುತ್ತಿದ್ದಾಗ, ಬಾಗಿಲು ತಟ್ಟದೆ ಒಬ್ಬ ಮುದುಕಿ ಒಳಗೆ ಬಂದಳು. ಗದ್ದದ ಮೇಲೆ ಮರುಭೂಮಿಯ ಹೆಂಗಸರ ನೀಲಿ ಹಚ್ಚೆ. ಶವಪೆಟ್ಟಿಗೆಯ ಸುತ್ತ ಕೂತಿದ್ದವರು ಒಮ್ಮೆ ಅವಳನ್ನು, ಒಮ್ಮೆ ಪೆಟ್ಟಿಗೆಯನ್ನು ನೋಡಿದರು. ಹಚ್ಚೆಯೊಂದನ್ನು ಬಿಟ್ಟರೆ, ಅದು ಪೆಟ್ಟಿಗೆಯಲ್ಲಿ ಮಲಗಿದ್ದ ಮಿಸಾಕನದೇ ಮುಖ.

“ಯಾರಮ್ಮ ನೀನು? ಯಾರು ಹೇಳಿಕಳಿಸಿದ್ರು?” ಪಕ್ಕದ ಮನೆಯ ವೆರ್ಗಿನೆ ಅರಬ್ಬಿಯಲ್ಲಿ ಕೇಳಿದಳು.

“ಇವನೇ. ಮೊನ್ನೆ ಬೆಳಿಗ್ಗೆ ನಮ್ಮ ಡೇರೆ ಹತ್ರ ಬಂದ. ಆರು ವರ್ಷದ ಹುಡುಗನಾಗೇ ಇದ್ದ, ಬರಿಗಾಲು. ಮುಂದೆ ಮುಂದೆ ನಡೆದ, ನಾನು ಹಿಂದೆ ಬಂದೆ. ಬಸ್ಸಲ್ಲೂ ನನ್ನ ಮುಂದಿನ ಸೀಟಲ್ಲೇ ಕೂತಿದ್ದ. ಒಂದ್ಸಲನೂ ತಿರುಗಿ ನೋಡ್ಲಿಲ್ಲ. ಈ ಓಣಿಗೆ ಬಂದಮೇಲೆ ಕಾಣಲಿಲ್ಲ.”

ಮಿಸಾಕ್ ಸತ್ತದ್ದು ಮೊನ್ನೆ ಬೆಳಿಗ್ಗೆಯೇ.

“ಸಾವಿನ ಮನೆ ಊಟಕ್ಕೆ ಬಂದೋಳು,” ಎಂದು ಒಬ್ಬಳು ಪಿಸುಗುಟ್ಟಿದಳು.

“ಸುಮ್ನಿರೆ,” ಎಂದಳು ವೆರ್ಗಿನೆ. “ಊಟಕ್ಕೆ ಬರೋರು ಅವನ ಮೂಗನ್ನೂ ಇಟ್ಕೊಂಡು ಬರ್ತಾರಾ?”

\*

ನಲವತ್ತೊಂಬತ್ತು ವರ್ಷಗಳ ಹಿಂದೆ ತುರ್ಕಿ ಸಿಪಾಯಿಗಳು ಅರ್ಮೇನಿಯದವರನ್ನು ಊರೂರಿಂದ ಎಬ್ಬಿಸಿ ಮರುಭೂಮಿಗೆ ಅಟ್ಟಿದ್ದರು. ಯೂಫ್ರೆಟಿಸ್ ನದಿಯ ದಂಡೆಯಲ್ಲಿ ತಾಯಿ ಕುಸಿದಳು, ಮತ್ತೆ ಏಳಲಿಲ್ಲ. ಉಳಿದದ್ದು ಹತ್ತು ವರ್ಷದ ಅಕ್ಕ, ಆರು ವರ್ಷದ ಮಿಸಾಕ್. ಒಂಟೆಯವನೊಬ್ಬ ಬಂದು, ಹುಡುಗಿ ಒಬ್ಬಳಾದರೆ ಒಯ್ಯುತ್ತೇನೆ ಎಂದ. ತಮ್ಮನನ್ನು ಅಲೆಪ್ಪೊಗೆ ಹೋಗುವ ಗಾಡಿ ಹತ್ತಿಸಿದರೆ ಬರುತ್ತೇನೆ ಎಂದಳು ಅವಳು.

“ತಿರುಗಿ ನೋಡ್ಬೇಡ ಮಿಸಾಕ್. ನೀನು ನೋಡಿದ್ರೆ ನಾನು ಓಡಿ ಬಂದ್ಬಿಡ್ತೀನಿ.”

ಅವನು ನೋಡಲಿಲ್ಲ. ಅನಾಥಾಲಯದಲ್ಲಿ ಬೆಳೆದ, ಅಲೆಪ್ಪೊದಲ್ಲೇ ಚಪ್ಪಲಿ ಹೊಲಿಯುವ ಅಂಗಡಿ ಇಟ್ಟ. ಪ್ರತಿ ವಸಂತದಲ್ಲೂ ಅಂಗಡಿ ಮುಚ್ಚಿ, ಡೇರೆಯಿಂದ ಡೇರೆಗೆ ಅಕ್ಕನ ಹೆಸರು ಕೇಳುತ್ತ ಅಲೆದ. ಆ ಹೆಸರಿನವಳು ಇಲ್ಲಿಲ್ಲ ಎನ್ನುತ್ತಿದ್ದರು ಎಲ್ಲರೂ.

\*

“ಒವ್ಸನ್ನಾ, ಆ ಅಮ್ಮನಿಗೊಂದು ಕುರ್ಚಿ ಕೊಡು,” ಎಂದಳು ವೆರ್ಗಿನೆ, ಮಿಸಾಕನ ಮಗಳಿಗೆ.

“ಓ,” ಎಂದದ್ದು ಮುದುಕಿ.

ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. “ಅದು ನನ್ನ ಹೆಸರು. ಡೇರೆಯವ್ರು ನನ್ನ ಹಮ್ದಾ ಅಂತ ಕರೆದ್ರು. ಇದು ಮರೆತೇಹೋಗಿತ್ತು.”

“ನನ್ನದೂ ಅದೇ, ಅತ್ತೆ.” ಮಗಳು ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. “ಅಪ್ಪ ದಿನಕ್ಕೆ ನೂರು ಸಲ ಕರೀತಿದ್ದ. ಏನಪ್ಪಾ ಅಂದ್ರೆ, ಏನಿಲ್ಲ, ಇದ್ದೀಯಾ ಅಂತ ನೋಡ್ದೆ ಅನ್ನೋನು. ನಂಗೆ ಸಿಟ್ಟು ಬರ್ತಿತ್ತು.”

ಮುದುಕಿ ತಮ್ಮನ ಹಣೆ ಮುಟ್ಟಿದಳು. ಅರ್ಮೇನಿಯನ್ನಿನಲ್ಲಿ ಏನೋ ಹೇಳಹೊರಟಳು. ಆ ಭಾಷೆಯ ಒಂದು ಪದವೂ ನೆನಪಿಗೆ ಬರಲಿಲ್ಲ.

ಮಧ್ಯಾಹ್ನ ಸ್ಮಶಾನದಲ್ಲಿ ಪಾದ್ರಿ ಪ್ರಾರ್ಥನೆ ಮುಗಿಸಿದರು. ಮೊದಲ ಸಲಿಕೆ ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

“ಓ, ಬಂದೆ,” ಎಂದರು ಅತ್ತೆ, ಮಗಳು ಇಬ್ಬರೂ, ಒಂದೇ ಉಸಿರಿಗೆ.

ಸಲಿಕೆಗಳು ನಿಂತವು. “ಯಾರು ಕರೆದ್ರು?” ಪಾದ್ರಿ ಮೆಲ್ಲಗೆ ಕೇಳಿದರು. ಯಾರೂ ಕರೆದಿರಲಿಲ್ಲ.

ಅವರಿಬ್ಬರಿಗೆ ಪಾದ್ರಿಯ ಮಾತು ಕೇಳಿಸಿದಂತಿರಲಿಲ್ಲ. ಗುಂಡಿಯ ಅಂಚಿನಲ್ಲಿ, ಒಂದೇ ಬದಿಗೆ ತಲೆ ವಾಲಿಸಿ, ಮುಂದಿನ ಮಾತಿಗೆ ಕಾಯುತ್ತ ನಿಂತಿದ್ದರು.