ಮಗ್ಗುಲು ಮಗುಚುವ ಕೈ

"ಏಯ್ ಮುಂಡೇ, ಸೊಂಟ ಮುರ್ದೋಯ್ತೇನೇ? ಬೇಗ ಮಗುಚು! ಹಾಳಾದ್ ಬಿಸ್ಲಿಗೆ ಎಲ್ಲಾ ಬಿರುಕು ಬಿಡ್ತವೆ!"

ಬೇಸಗೆ ಶುರುವಾಗಿತ್ತು. ಇಟ್ಟಿಗೆ ಗೂಡಿನ ಕಣದಲ್ಲಿ ಹೆಂಗಸರು ಸಾಲು ಹಿಡಿದು ಕೂತು, ಹಸಿ ಇಟ್ಟಿಗೆಗಳು ಎಲ್ಲ ಕಡೆ ಒಣಗಲೆಂದು ಮಗ್ಗುಲು ಮಗುಚುತ್ತಿದ್ದರು. ಕಾಲೇಜಿನ ವ್ಯಾನು ಬಂದು ನಿಂತದ್ದೇ ಮೇಸ್ತ್ರಿಯ ಬೈಗುಳ ಬಾಯಲ್ಲೇ ಉಳಿಯಿತು.

ವ್ಯಾನಿನಿಂದ ಇಳಿದ ಹುಡುಗಿ ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡಳು. ಸಮುದಾಯ ಮನಶ್ಶಾಸ್ತ್ರದ ಪಾಠಕ್ಕೆಂದು ಎಲ್ಲಿಗೋ ಕರೆದೊಯ್ಯುತ್ತಾರೆ ಅಂದುಕೊಂಡಿದ್ದಳು. ಇಳಿದದ್ದು ತಾನು ಹುಟ್ಟಿದ ಗೂಡಿನಲ್ಲೇ. ಇಲ್ಲಿ ಹುಟ್ಟಿದ ಮಗು ಹೆತ್ತವರ ಸಾಲಕ್ಕೆ ಗೂಡಿನ ಸಾಹುಕಾರನ ಜೀತದಾಳು. ಅದಕ್ಕೇ ಅವ್ವ ಅವಳನ್ನು ಚಿಕ್ಕಂದಿನಲ್ಲೇ ಕದ್ದುಮುಚ್ಚಿ ದೊಡ್ಡಮ್ಮನ ಜೊತೆ ಹಾಸ್ಟೆಲಿಗೆ ಸಾಗಿಸಿ, ಮಗಳು ಹೊಳೆಪಾಲಾದಳೆಂದು ಎದೆ ಬಡಿದುಕೊಂಡು ಅತ್ತಿದ್ದಳು. ಮೇಸ್ತ್ರಿ ನಂಬಿದ್ದ.

"ಒಬ್ಬೊಬ್ರು ಒಬ್ಬೊಬ್ರನ್ನ ಮಾತಾಡ್ಸಿ," ಎಂದರು ಮೂಗಿಗೆ ಕರ್ಚೀಪು ಹಿಡಿದಿದ್ದ ಮೇಡಂ. "ಅವರ ಮನಸ್ಸಿನೊಳಗೆ ಇಳೀಬೇಕು, ಗೊತ್ತಾಯ್ತಾ?" ಹುಡುಗಿಗೆ ಅವರು ಬೊಟ್ಟು ಮಾಡಿ ತೋರಿಸಿದ್ದು ಅವ್ವನನ್ನೇ.

ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅವ್ವ ತಲೆಯೆತ್ತಿದಳು. ಕೈ ಇಟ್ಟಿಗೆಯ ಮೇಲೆ ಗಳಿಗೆ ಹೊತ್ತು ತಡೆಯಿತು. ಅವಳ ಬೆನ್ನ ಹಿಂದೆಯೇ ಮೇಸ್ತ್ರಿ ನಿಂತಿದ್ದ.

"ಕೇಳಿ ಅಮ್ಮಾವ್ರೆ," ಎಂದಳು ಅವ್ವ.

ಮಗಳು ನೋಟ್‌ಬುಕ್ ತೆರೆದಳು. "ಮಕ್ಳು...?"

"ಒಬ್ಳಿದ್ಲು. ಹೊಳೆ ತಗೊಂಡೋಯ್ತು."

"ನೆನಪಾಗ್ತಾಳಾ?"

"ಸತ್ತೋರ್‍ನ ನೆನೀತಾ ಕೂತ್ರೆ ಇಟ್ಟಿಗೆ ಯಾರು ಮಗುಚ್ತಾರೆ?" ಅವ್ವ ದನಿ ತಗ್ಗಿಸಿದಳು. "ಇದ್ದಿದ್ರೆ ನಿಮ್ಮಷ್ಟೇ ಆಗಿರೋಳು. ಇಷ್ಟು ಸೊರಗೋಕೆ ನಾನು ಬಿಡ್ತಿರ್ಲಿಲ್ಲ. ಹೊಟ್ಟೆ ತುಂಬ ಉಣ್ತೀರೇನ್ರಮ್ಮ?"

"ಉಣ್ತೀನಿ."

"ಇವಳದ್ದೇನ್ ಕೇಳ್ತೀರಿ ಅಮ್ಮಾವ್ರೆ, ಕೈಲಾಗದ ಗೊಡ್ಡು," ಎಂದು ಮೇಸ್ತ್ರಿ ಹಲ್ಲು ಕಿರಿದು, ಅವ್ವನ ಸೆಟೆದ ಬೆರಳುಗಳನ್ನು ಬೂಟಿನ ತುದಿಯಿಂದ ತಿವಿದ. ಅವಳ ಹಿಡಿತದಿಂದ ಎರಡು ಇಟ್ಟಿಗೆ ಜಾರಿದವು.

ಮಗಳ ಕೈಗಳು ತಾವಾಗಿಯೇ ಮುಂದಾದವು. ಜಾರಿದ್ದನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಮಣಿಕಟ್ಟು ತಿರುವಿ, ಅಂಚು ಮುಕ್ಕಾಗದಂತೆ ಮಗುಚಿಟ್ಟಳು. ಗೂಡಿನ ಮಕ್ಕಳಿಗೆ ಮಾತಿಗಿಂತ ಮುಂಚೆ ಬರುವ ವರಸೆ ಅದು.

ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು.

"ಯಾರೇ ನೀನು?" ಎಂದ ಮೇಸ್ತ್ರಿ.

"ನಾನೇ ಈಗ ತೋರಿಸ್ದೆ ಸ್ವಾಮಿ," ಅವ್ವ ತಡವರಿಸಿದಳು. "ಓದೋ ಮಕ್ಳು, ಆಸೆಪಟ್ರು..." ಸುಮ್ಮನಿರೆಂದು ಅವಳ ಕಣ್ಣುಗಳು ಮಗಳನ್ನು ಬೇಡುತ್ತಿದ್ದವು.

ಮಗಳು ಅವ್ವನ ಬೆರಳುಗಳ ಕೆಸರನ್ನು ತನ್ನ ದುಪಟ್ಟಾದಿಂದ ಒರೆಸಿದಳು.

"ನಮ್ಮವ್ವ ಕಣೋ ಇವ್ಳು. ಇನ್ನೊಂದ್ಸಲ ಕಾಲು ತಾಗ್ಸು ನೋಡಣ."

ಮೇಡಂ ಮೆಲ್ಲಗೆ ವ್ಯಾನಿನ ಕಡೆ ಹೆಜ್ಜೆ ಹಾಕಿದರು.

"ಗೇಟ್ ಹಾಕ್ರೋ!" ಮೇಸ್ತ್ರಿ ಕೂಗಿದ.

ಅವ್ವ ಎದೆ ಬಡಿದುಕೊಂಡು ಅಳತೊಡಗಿದಳು, ಅಂದು ಅತ್ತ ಹಾಗೆಯೇ. ಈ ಸಲ ಅದು ನಾಟಕವಾಗಿರಲಿಲ್ಲ.