ನಾಲ್ಕು ಸಲ ಮುಚ್ಚುವ ತುಟಿ

ಅಕ್ಕ ಸತ್ತ ಮೂರನೇ ವಾರ, ಅವಳು ಆಡದ ಮಾತನ್ನು ಅವಳ ದನಿಯಲ್ಲೇ ಆಡಿಸಲು ಹೊರಟರು.

ಅವಳು ದನಿ ಕೊಡುತ್ತಿದ್ದ ಡಬ್ಬಿಂಗ್ ಸ್ಟುಡಿಯೋದವರು ಅವಳ ಹಳೆಯ ಟೇಪುಗಳಿಂದ ಅಲ್ಲೊಂದು ಇಲ್ಲೊಂದು ಪದ ಹೆಕ್ಕಿ ಅಂಟಿಸಿದ್ದರು. 'ನನ್ನ' ಒಂದು ಜಗಳದ ದೃಶ್ಯದ್ದು. 'ಪ್ರಾಣ' ಆಸ್ಪತ್ರೆಯ ದೃಶ್ಯದ್ದು. 'ನಿನ್ನದು' ಯಾವುದೋ ಸೋಪಿನ ಜಾಹೀರಾತಿನದು. 'ತಗೋ' ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಅದಕ್ಕೇ ತಂಗಿಯನ್ನು ಕರೆಸಿದ್ದರು. ಅಕ್ಕತಂಗಿಯರ ದನಿ ಒಂದೇ ಅಚ್ಚು.

ತಂಗಿಗೂ ಅದೇ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಬೇರೆ ಭಾಷೆಯ ಸಿನಿಮಾದಲ್ಲಿ ಪಾತ್ರದ ತುಟಿ ಎಲ್ಲೆಲ್ಲಿ ಮುಚ್ಚುತ್ತದೆ ಎಂದು ಎಣಿಸಿ ಗುರುತು ಹಾಕುವುದು ಅವಳ ಕಸುಬು. ಮುಚ್ಚಿದ ಕಡೆಯೆಲ್ಲ ಪ, ಬ, ಮ ಬರಬೇಕು. ಇಲ್ಲದಿದ್ದರೆ ಬಾಯಿ ಏರಿಗೆ, ಮಾತು ನೀರಿಗೆ. ಸ್ಟುಡಿಯೋದಲ್ಲಿ ಅವಳಿಗೆ 'ತುಟಿಯಮ್ಮ' ಅಂತಲೇ ಹೆಸರು.

ಸಿನಿಮಾ ವರ್ಷಗಳ ಹಿಂದಿನದು, ರಕ್ತಪಿಶಾಚಿಯ ಪ್ರೇಮದ್ದು. ಅದರ ಹುಡುಗಿಗೆ ದನಿ ಕೊಟ್ಟವಳು ಅಕ್ಕ. ಕೊನೆಯಲ್ಲಿ ಪಿಶಾಚಿ ತಾನು ಪ್ರೀತಿಸಿದ ಹುಡುಗಿಯ ಕತ್ತಿನ ಹತ್ತಿರ ಬಾಗಿ, "ಒಂದೇ ಸಲ ಕಚ್ಚೋಕೆ ಬಿಡು, ನಿನಗೆ ಸಾವೂ ಇಲ್ಲ, ಮುಪ್ಪೂ ಇಲ್ಲ" ಅನ್ನುತ್ತಾನೆ. ಅದಕ್ಕೆ ಬರಹಗಾರ ಬರೆದುಕೊಟ್ಟ ಉತ್ತರ, "ನನ್ನ ಪ್ರಾಣ ನಿನ್ನದು, ತಗೋ." ತೆರೆಯ ಮೇಲೆ ಹುಡುಗಿಯ ತುಟಿ ನಾಲ್ಕು ಸಲ ಮುಚ್ಚುತ್ತದೆ, ಆ ಮಾತಿನಲ್ಲಿ ಒಂದೇ ಸಲ. ಅಕ್ಕ ಮೈಕಿನ ಮುಂದೆ ಎರಡು ಸಲ ಎಡವಿದಳು. ಮೂರನೇ ಸಲ ತಾನೇ ಕಟ್ಟಿ ಆಡಿದಳು: "ಬೇಡ. ನನಗೆ ಮುಪ್ಪು ಬೇಕು."

ನಾಲ್ಕಕ್ಕೆ ನಾಲ್ಕು. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತಿದ್ದಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು.

ಎಡವಟ್ಟು ಮಾಡಿದವಳು ತಂಗಿ. ಪ್ರಚಾರದವರಿಗೆ ಮಾತು ಟೈಪು ಮಾಡಿ ಕೊಡುವಾಗ ಪೆನ್ಸಿಲ್ ತಿದ್ದಿದ ಹಾಳೆ ನೋಡದೆ, ಬರಹಗಾರ ಕೊಟ್ಟ ಶುದ್ಧ ಪ್ರತಿಯನ್ನೇ ನೋಡಿ ಹೊಡೆದಳು. ಆಡದ ಮಾತು ಪೋಸ್ಟರಾಗಿ ಗೋಡೆ ಏರಿತು. ಅಲ್ಲಿಂದ ಅಂಗಿ, ಶುಭಾಶಯ ಪತ್ರ, ಆಟೋದ ಬೆನ್ನು. ಸಿನಿಮಾ ಕಣ್ಣಾರೆ ನೋಡಿದವರೂ ಕಿವಿಯನ್ನು ಬಿಟ್ಟು ಗೋಡೆಯನ್ನು ನಂಬಿದರು. ಹೆಣ್ಣೊಬ್ಬಳು ಒಲ್ಲೆ ಅಂದದ್ದನ್ನು ನೆನಪಿಟ್ಟುಕೊಳ್ಳುವ ಗರಜು ಯಾರಿಗಿತ್ತು?

"ಹೋಗ್ಲಿ ಬಿಡೇ," ಅಕ್ಕ ನಕ್ಕಿದ್ದಳು. "ಗೋಡೆ ಮೇಲೆ ಏನಾದ್ರೂ ಬರ್ಕೊಳ್ಳಲಿ. ಸಿನಿಮಾದೊಳಗೆ ನನ್ನ ಮಾತು ಇದ್ಯಲ್ಲ."

ಈಗ ಸಿನಿಮಾ ಮತ್ತೆ ತೆರೆಗೆ ಬರುತ್ತಿತ್ತು. ಒಳಗಿನ ಮಾತಿಗೂ ಕತ್ತರಿ ಬಿದ್ದಿತ್ತು. ಮುಪ್ಪು ಬೇಕು ಅಂದವಳು ಐವತ್ತನ್ನೂ ಮುಟ್ಟಿರಲಿಲ್ಲ.

ತಂಗಿಗೆ ಅಳು ಬಂದಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿದ್ದಳು. ಮುಟ್ಟಿದರೆ ಇದೆ, ಆದರೆ ತನ್ನದಲ್ಲ.

"ಬಾರಮ್ಮ ತುಟಿಯಮ್ಮ," ಅಂದರು ಸ್ಟುಡಿಯೋ ಯಜಮಾನರು. "ಒಂದೇ ಒಂದು ಪದ. ಕಾಫಿ ಆರೋದ್ರೊಳಗೆ ಮುಗಿಯುತ್ತೆ."

"ಸಿನಿಮಾದಲ್ಲಿ ಆ ಮಾತಿಲ್ಲ ಸಾರ್."

"ನಂಗೊತ್ತಿಲ್ವಾ? ಜನ ಬರೋದೇ ಆ ಮಾತು ಕೇಳೋಕೆ. ಬರ್ಲಿಲ್ಲ ಅಂದ್ರೆ ನಾವೇ ನುಂಗಿಬಿಟ್ವಿ ಅಂತಾರೆ."

"ತುಟಿ ನಾಲ್ಕು ಸಲ ಮುಚ್ಚುತ್ತೆ."

"ತುಟಿ ತೋರ್ಸಿದ್ರೆ ತಾನೇ? ಕಣ್ಣು ಮಾತ್ರ ತೋರಿಸ್ತೀವಿ."

"ಪಿಶಾಚಿನೂ ಕೇಳಿಯೇ ಕಚ್ಚೋಕೆ ಹೋಗಿದ್ದ," ಅಂದ ಸೌಂಡಿನವನು, ಬಟನ್ನುಗಳಿಗೆ ಹೇಳುವಂತೆ.

"ಏನಯ್ಯಾ ಅದು?"

"ಏನಿಲ್ಲ ಸಾರ್. ಮೈಕ್ ಟೆಸ್ಟು."

ಯಜಮಾನರು ತಂಗಿಯ ಕಡೆ ತಿರುಗಿದರು. "ಅವತ್ತು ತಪ್ಪು ಹೊಡೆದವಳು ನೀನೇ ಅಲ್ವೇನಮ್ಮ? ನಿನ್ನ ತಪ್ಪನ್ನೇ ಸರಿ ಮಾಡ್ತಿದೀವಿ. ಸಂತೋಷಪಡು."

ನಾಚಿಕೆ ಆಗಬೇಕಿದ್ದ ಜಾಗದಲ್ಲಿ ಏನೂ ಆಗಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಅದನ್ನು ನೋಡಿದಳು. ಎದ್ದು ಒಳಗೆ ಹೋದಳು.

ಮೈಕಿನ ಕಂಬ ಅಕ್ಕನ ಎತ್ತರಕ್ಕೇ ನಿಂತಿತ್ತು, ಯಾರೂ ಇಳಿಸಿರಲಿಲ್ಲ. ತಂಗಿ ಇಳಿಸಲಿಲ್ಲ, ಮುಂಗಾಲಿನ ಮೇಲೆ ನಿಂತಳು. ಹೆಡ್‌ಫೋನ್ ಹಾಕಿಕೊಂಡಳು. ತೆರೆಯ ಮೇಲೆ ಹುಡುಗಿಯ ಮುಖ ಇನ್ನೂ ಇಡಿಯಾಗಿಯೇ ಇತ್ತು. ಪಿಶಾಚಿ ಬಾಗಿದ. ಕಿವಿಯಲ್ಲಿ ಅಕ್ಕನ ದನಿ: ಜಗಳ, ಆಸ್ಪತ್ರೆ, ಸೋಪು. ಆಮೇಲೆ ಅವಳಿಗಾಗಿ ಬಿಟ್ಟ ಒಂದು ಖಾಲಿ ಜಾಗ.

ಹೆಬ್ಬೆರಳು ಅಭ್ಯಾಸಬಲದಿಂದ ಬೆರಳ ಗೆಣ್ಣುಗಳನ್ನು ಮುಟ್ಟಿತು. ಒಂದು. ಎರಡು, ಮೂರು. ನಾಲ್ಕು. ಖಾಲಿ ಜಾಗ ಖಾಲಿಯಾಗಿಯೇ ದಾಟಿತು.

ಮತ್ತೆ ಓಡಿಸಿದರು. ಮತ್ತೆ ನಾಲ್ಕು. ಗಂಟಲಿನಲ್ಲಿ ಏನೋ ಸಣ್ಣಗೆ ಚುರುಗುಟ್ಟಿತು, ಮರಗಟ್ಟಿದ ದವಡೆಗೆ ಮೊದಲು ನೋವು ತಿರುಗಿ ಬರುವ ಹಾಗೆ.

"ಏನಮ್ಮ, ನಾಲಿಗೆ ಬಿದ್ದುಹೋಯ್ತಾ?" ಹೆಡ್‌ಫೋನಿನಲ್ಲಿ ಯಜಮಾನರು. "ತಗೋ ಅನ್ನು, ಸಾಕು. ಇಲ್ಲಾಂದ್ರೆ ನಾಳೆಯಿಂದ ತುಟಿ ಎಣಿಸೋಕೆ ಬೇರೆಯವರು ಬರ್ತಾರೆ."

ಗಾಜಿನ ಆಚೆ ಸೌಂಡಿನವನು ತಲೆ ತಗ್ಗಿಸಿದ್ದ. ಕೆಂಪು ದೀಪ ಉರಿಯುತ್ತಿತ್ತು. ಏನು ಹೇಳಿದರೂ ದಾಖಲಾಗುತ್ತಿತ್ತು.

ಹೆಡ್‌ಫೋನ್ ತೆಗೆದು ಅಕ್ಕ ನೇತುಹಾಕುತ್ತಿದ್ದ ಮೊಳೆಗೇ ನೇತುಹಾಕಿದಳು. ಮೈಕಿನ ಹತ್ತಿರ ಬಾಯಿ ತಂದಳು.

"ಅಕ್ಕ ಈ ಮಾತು ಆಡಿಲ್ಲ ಸಾರ್. ನಾನೂ ಆಡಲ್ಲ."