ಹುಳುಮನೆಯ ಕೆಂಡ

ಎಪ್ಪತ್ತೊಂದರ ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಸುಗಟೂರಿನಲ್ಲಿ ಶತ್ರು ವಿಮಾನಗಳಿಗೆ ಊರು ಕಾಣದಿರಲೆಂದು ರಾತ್ರಿ ಮನೆಮನೆಯ ದೀಪ ಆರಿಸಲು ಹೆಂಗಸರ ದಳ ಮಾಡಿದರು. ಅದರ ಮುಂದಾಳು ನಾನು, ಶಾಮಲಮ್ಮ. ಕೋಲಾರದಲ್ಲಿ ಮೂರು ದಿನ ತರಬೇತಿ, ಒಂದು ಖಾಕಿ ಸೀರೆ, ಒಂದು ಸೀಟಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ನೀರಿಗೆ ಹೋಗುವಾಗಲೂ ಸೀಟಿ ಊದುತ್ತಿದ್ದೆ.

ಪಕ್ಕದ ಮನೆಯ ಮುನಿಯಲ್ಲಮ್ಮ ಬಾವಿಕಟ್ಟೆಯಲ್ಲಿ ಎಲ್ಲರೆದುರು ಕೆಣಕಿದಳು. "ಏನೇ ಶಾಮಲಾ, ಪೊಲೀಸಮ್ಮ ಆಗ್ಬಿಟ್ಟೆ! ಮೊದ್ಲು ನಿನ್ ಗಂಡನ್ನ ಸಾರಾಯಿ ಅಂಗ್ಡಿಯಿಂದ ಹಿಡ್ಕೊಂಡ್ ಬಾರೇ." ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅವತ್ತೇ ಸಂಜೆ ಕತ್ತಲಾಗುತ್ತಿದ್ದಂತೆ ಅವಳ ಹುಳುಮನೆಯ ಬಾಗಿಲ ಸಂದಿಯಲ್ಲಿ ಕೆಂಪಗೆ ಬೆಳಕು ಕಂಡಿತು. ರೇಷ್ಮೆಹುಳುಗಳಿಗೆ ಚಳಿ ತಾಗದಿರಲೆಂದು ಇಟ್ಟ ಅಗ್ಗಿಷ್ಟಿಕೆ. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು, ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ಸಾಕಿದ ಮೊದಲ ಬೆಳೆ. ಬಾಗಿಲಿಗೊಂದು ಗೋಣಿ ಇಳಿಬಿಟ್ಟಿದ್ದರೆ ಸಾಕಿತ್ತು. ನಾನೂ ಹುಳು ಸಾಕಿದವಳೇ, ನನಗದು ಚೆನ್ನಾಗಿ ಗೊತ್ತಿತ್ತು.

"ಗೋಣಿ ತರ್ತೀನಿ, ಒಂದ್ ನಿಮಿಷ ತಾಳೇ," ಎಂದಳು ಮುನಿಯಲ್ಲಮ್ಮ, ನಾನು ಸೀಟಿ ಊದುತ್ತ ನುಗ್ಗಿದ್ದು ಕಂಡು.

"ವಿಮಾನ ತಾಳ್ತದೇನೇ?" ಎಂದು ಬಾಗಿಲಲ್ಲಿದ್ದ ಬಿಂದಿಗೆ ಎತ್ತಿ ಕೆಂಡದ ಮೇಲೆ ಸುರಿದೆ. ಕೋಣೆ ತುಂಬ ಹೊಗೆ, ಹಬೆ. ದೇಶಕ್ಕಾಗಿ ಸುರಿಯಲಿಲ್ಲ, ಬಾವಿಕಟ್ಟೆಯ ನಗುವಿಗೆ ಸೇಡು ಅಂತ ಸುರಿದೆ. ಥೂ ನನ್ನ ಜನ್ಮಕ್ಕೆ!

ಆ ತೇವಕ್ಕೆ, ಚಳಿಗೆ ಸಪ್ಪೆರೋಗ ಹಿಡಿದು ಮೂರನೇ ದಿನಕ್ಕೆ ಹುಳುಗಳೆಲ್ಲ ಸತ್ತವು. ಮುನಿಯಲ್ಲಮ್ಮ ತಟ್ಟೆ ತಟ್ಟೆ ಹೊತ್ತು ತಿಪ್ಪೆಗೆ ಸುರಿಯುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡು ಕೂತೆ. ವಿಮಾನ ಬರಲೇ ಇಲ್ಲ.

ಊರಿನ ಹಿರಿಯ ಕೋದಂಡರಾಮಪ್ಪನವರು ಸುಮ್ಮನಿರಲಿಲ್ಲ. ದೂರು ಕೊಟ್ಟು ಕೋಲಾರದಿಂದ ದಳದ ಅಧಿಕಾರಿಯನ್ನು ಕರೆಸಿ, ಊರವರ ನಡುವೆ ನಮ್ಮಿಬ್ಬರನ್ನೂ ನಿಲ್ಲಿಸಿದರು. ತಪ್ಪು ನನ್ನದೆಂದಾದರೆ ಅಲ್ಲೇ ದಳದಿಂದ ತೆಗೆಯುತ್ತಾರೆ.

"ಈಕೆ ನೀರು ಸುರಿದದ್ದು ನಿಜಾನಾ?" ಅಧಿಕಾರಿ ಮುನಿಯಲ್ಲಮ್ಮನನ್ನು ಕೇಳಿದರು.

ಅವಳು ನನ್ನ ಕಡೆ ನೋಡಲಿಲ್ಲ. "ಇಲ್ಲ ಸಾಮಿ. ಯುದ್ಧ ಅಂದ್ರಲ್ಲ, ಹೆದರ್ಕೊಂಡು ನಾನೇ ಸುರಿದೆ. ಆ ಹೆಣ್ಣುಮಗಳ ಮಾನ ಯಾಕ್ ತೆಗೀತೀರಾ?"

ಅಧಿಕಾರಿ ನನ್ನತ್ತ ತಿರುಗಿದರು. "ಆಕೆಯೇ ಸುರಿದದ್ದು ಹೌದೇನಮ್ಮಾ?"

ಬಾಯಿಬಿಟ್ಟು ನಿಜ ಹೇಳುವಷ್ಟು ಹೊತ್ತಿತ್ತು. ಅವಳೂ ಕಾದಳು, ನನಗೆ ಗೊತ್ತು.

"ಹೌದು ಸಾರ್," ಎಂದೆ, ಇಡೀ ಊರಿಗೆ ಕೇಳುವಂತೆ.